ರೇಡಿಯೇಟರ್ ಫ್ಯಾನಿಗೊಂದು ಕೈ ಸ್ವಿಚ್: ವೈರಿಂಗ್ ಅರಿತು ಮಾಡುವ ಬಗೆ

ಬೇಸಿಗೆ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳ ಬಳಿ ಬರುವ ಹಳೆಯ ಕಾರು, ವ್ಯಾನುಗಳದು ಹೆಚ್ಚುಕಡಿಮೆ ಒಂದೇ ದೂರು: "ಗಾಡಿ ಹೀಟಾಗ್ತಿದೆ, ಫ್ಯಾನ್ ತಿರುಗ್ತಿಲ್ಲ." ಅದಕ್ಕೆ ಸಿಗುವ ಉತ್ತರವೂ ಹಲವು ಕಡೆ ಒಂದೇ: "ಡೈರೆಕ್ಟ್ ಕೊಟ್ಬಿಡ್ತೀನಿ ಬಿಡಿ ಸಾರ್." ಡೈರೆಕ್ಟ್ ಕೊಡುವುದು ಎಂದರೆ, ಎಂಜಿನ್ನಿನ ಬಿಸಿ ನೋಡಿ ಫ್ಯಾನನ್ನು ತಾನಾಗಿ ಹಚ್ಚುವ ಥರ್ಮೋ ಸ್ವಿಚ್ಚನ್ನು ಕಿತ್ತುಹಾಕಿ, ಫ್ಯಾನಿನ ವೈರನ್ನು ಕೀ ಆನ್ ಆದಾಗ ಕರೆಂಟ್ ಬರುವ ಯಾವುದಾದರೂ ವೈರಿಗೆ, ಇಲ್ಲವೇ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಒಂದು ಸ್ವಿಚ್ಚಿಗೆ ಸೇರಿಸಿಬಿಡುವುದು. ಕೆಲಸ ಬೇಗ ಮುಗಿಯುತ್ತದೆ, ಫ್ಯಾನೂ ತಿರುಗುತ್ತದೆ. ಆದರೆ ಅಲ್ಲಿಂದ ಮುಂದೆ ಎಂಜಿನ್ನಿನ ಆಯುಸ್ಸು ಚಾಲಕನ ನೆನಪಿನ ಮೇಲೆ ನಿಲ್ಲುತ್ತದೆ. ಫ್ಯಾನಿಗೆ ಕೈ ಸ್ವಿಚ್ ಹಾಕಿಸಿಕೊಳ್ಳುವುದು ತಪ್ಪಲ್ಲ, ಕೆಲವು ಗಾಡಿಗಳಿಗೆ ಅದು ನಿಜವಾಗಿಯೂ ಉಪಯುಕ್ತ. ಆದರೆ ಆ ಸ್ವಿಚ್ಚಿಗೆ ಫ್ಯಾನನ್ನು ಹಚ್ಚುವ ಅಧಿಕಾರವಿರಬೇಕೇ ಹೊರತು, ತಾನಾಗಿ ತಿರುಗಬೇಕಾದ ಫ್ಯಾನನ್ನು ನಿಲ್ಲಿಸುವ ಅಧಿಕಾರ ಇರಕೂಡದು. ಈ ಒಂದು ನಿಯಮವನ್ನು ವೈರಿಂಗಿನಲ್ಲಿ ಹೇಗೆ ಪಾಲಿಸುವುದು ಎಂಬುದೇ ಈ ಲೇಖನದ ವಿಷಯ.

ಮೊದಲು ಫ್ಯಾನ್ ಯಾವಾಗ ಬೇಕು ಎಂಬುದನ್ನು ಸ್ಪಷ್ಟಮಾಡಿಕೊಳ್ಳೋಣ. ಗಾಡಿ ಗಂಟೆಗೆ 40–50 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುವಾಗ ಎದುರಿನಿಂದ ನುಗ್ಗುವ ಗಾಳಿಯೇ ಸಾಮಾನ್ಯವಾಗಿ ರೇಡಿಯೇಟರಿಗೆ ಸಾಕು; ಆಗ ಫ್ಯಾನಿನ ಪಾತ್ರ ನಗಣ್ಯ. ಸಿಗ್ನಲ್ಲಿನಲ್ಲಿ ನಿಂತಾಗ, ಸಂತೆ ಬೀದಿಯಲ್ಲಿ ತೆವಳುವಾಗ, ಏರಿನಲ್ಲಿ ಒಂದನೆಯ ಎರಡನೆಯ ಗೇರಿನಲ್ಲಿ ಹತ್ತುವಾಗ ಮಾತ್ರ ಅದು ಅನಿವಾರ್ಯ. ಭಾನುವಾರದ ಮುಂಜಾನೆ ನಂದಿಬೆಟ್ಟದ ತಿರುವುಗಳಲ್ಲಿ ಕಾರುಗಳು ಒಂದರ ಹಿಂದೆ ಒಂದು ನಿಲ್ಲುತ್ತಾ ಹತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಎಂಜಿನ್ ತನ್ನೆಲ್ಲ ಶಕ್ತಿ ಹಾಕಿ ಎಳೆಯುತ್ತಿರುತ್ತದೆ, ಎದುರುಗಾಳಿ ಮಾತ್ರ ಇರುವುದಿಲ್ಲ. ಹಿಂದಿನ ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿನೊಂದಿಗೇ ತಿರುಗುತ್ತಿದ್ದುದರಿಂದ ಸ್ವಿಚ್ಚಿನ ಪ್ರಶ್ನೆಯೇ ಇರಲಿಲ್ಲ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಸಣ್ಣ ಕಾರುಗಳಲ್ಲಿ ಆ ಬೆಲ್ಟ್ ವ್ಯವಸ್ಥೆ ಹೊಂದುವುದಿಲ್ಲ. ಹೀಗಾಗಿ ಫ್ಯಾನಿಗೆ ಪ್ರತ್ಯೇಕ ಮೋಟರು ಬಂತು, ಅದನ್ನು ಯಾವಾಗ ಹಚ್ಚಬೇಕೆಂದು ತೀರ್ಮಾನಿಸಲು ಒಂದು ಥರ್ಮೋ ಸ್ವಿಚ್ ಬಂತು.

ಸಾಮಾನ್ಯವಾಗಿ ಕೂಲೆಂಟ್ (ಎಂಜಿನ್ನನ್ನು ತಣಿಸಲು ಹರಿಯುವ ದ್ರವ) 82 ರಿಂದ 88 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಥರ್ಮೋಸ್ಟಾಟ್ ವಾಲ್ವ್ ತೆರೆದುಕೊಂಡು ಬಿಸಿನೀರನ್ನು ರೇಡಿಯೇಟರಿಗೆ ಬಿಡುತ್ತದೆ. 95 ಡಿಗ್ರಿಯ ಆಸುಪಾಸಿನಲ್ಲಿ ಫ್ಯಾನು ಹಚ್ಚಿಕೊಳ್ಳುತ್ತದೆ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಚಿಕ್ಕಬಳ್ಳಾಪುರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ 95ಕ್ಕೇ. ಹಾಗಿದ್ದೂ ರೇಡಿಯೇಟರಿನ ನೀರು ಕುದಿಯದಿರುವುದಕ್ಕೆ ಕಾರಣ ಅದರ ಮುಚ್ಚಳ. ಪ್ರೆಶರ್ ಕುಕ್ಕರಿನ ವಿಷಲ್ಲಿನಂತೆ ಅದು ಒಳಗೆ ಒತ್ತಡವನ್ನು ಹಿಡಿದಿಡುತ್ತದೆ, 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನಮ್ಮ ಊರಿನ ಎತ್ತರದಲ್ಲೂ ಬರಿಯ ನೀರು ಸುಮಾರು 117 ಡಿಗ್ರಿಯವರೆಗೆ ಕುದಿಯುವುದಿಲ್ಲ, ಕೂಲೆಂಟ್ ಬೆರೆಸಿದ್ದರೆ ಇನ್ನೂ ಕೆಲವು ಡಿಗ್ರಿ ತಡೆಯುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಆಗ ಫ್ಯಾನು ಹಚ್ಚಿಕೊಳ್ಳುವ ಹೊತ್ತಿಗೇ ನೀರು ಕುದಿಯುವ ಹಂತಕ್ಕೆ ಬಂದಿರುತ್ತದೆ. ಅಂಥ ಗಾಡಿಗೆ ಬೇಕಾದದ್ದು ಹೊಸ ಮುಚ್ಚಳ, ಸ್ವಿಚ್ಚಲ್ಲ.

ಆದ್ದರಿಂದ ವೈರಿಗೆ ಕೈಹಾಕುವ ಮುನ್ನ ಗಾಡಿ ಎಲ್ಲಿ ಹೀಟಾಗುತ್ತಿದೆ ಎಂದು ಗಮನಿಸಬೇಕು. ನಿಂತಾಗ, ನಿಧಾನವಾಗಿ ಚಲಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಏರಿ, ಹೆದ್ದಾರಿಯಲ್ಲಿ ಇಳಿದರೆ ಅನುಮಾನ ಫ್ಯಾನಿನ ಮೇಲೆ. ದೇವನಹಳ್ಳಿ ಕಡೆಯ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಓಡುವಾಗಲೇ ಮುಳ್ಳು ಏರುತ್ತಿದ್ದರೆ ಫ್ಯಾನಿನಿಂದ ಏನೂ ಆಗದು. ಅದು ರೇಡಿಯೇಟರ್ ಕಟ್ಟಿಕೊಂಡಿರುವುದರ, ನೀರಿನ ಪಂಪು ಕೆಟ್ಟಿರುವುದರ, ಥರ್ಮೋಸ್ಟಾಟ್ ವಾಲ್ವ್ ಅರ್ಧಕ್ಕೇ ಸಿಕ್ಕಿಕೊಂಡಿರುವುದರ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹೋಗಿರುವುದರ ಸೂಚನೆ. ನಮ್ಮ ಜಿಲ್ಲೆಯಲ್ಲೂ ಕೋಲಾರದಲ್ಲೂ ರೇಡಿಯೇಟರ್ ಕಟ್ಟಿಕೊಳ್ಳುವುದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳಿಂದ ಬರುವ ಗಡಸು ನೀರನ್ನು ಮಗ್ಗಿನಲ್ಲಿ ತಂದು ರೇಡಿಯೇಟರಿಗೆ ಸುರಿಯುವ ರೂಢಿಯಿದೆ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರವಾಗಿ ಕೂರುವ ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂತು, ಹರಿವನ್ನೂ ಶಾಖ ಹೊರಬೀಳುವುದನ್ನೂ ತಡೆಯುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕುವುದು ಈ ಭಾಗದಲ್ಲಿ ಶೋಕಿಯ ಮಾತಲ್ಲ. ಇನ್ನೊಂದು ರೂಢಿಯನ್ನೂ ಇಲ್ಲೇ ಹೇಳಿಬಿಡುವೆ: ಹೀಟಾಗುತ್ತದೆಂದು ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದು ಬಿಸಾಡುವುದು. ಅದರಿಂದ ಚಳಿಗಾಲದ ಬೆಳಿಗ್ಗೆ ಎಂಜಿನ್ ಬೇಕಾದಷ್ಟು ಬಿಸಿಯೇರದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ.

ದೋಷ ಫ್ಯಾನಿನ ಕಡೆಯೇ ಇದೆಯೆಂದು ಖಚಿತವಾದ ಮೇಲೆ ಒಂದು ಸುಲಭ ಪರೀಕ್ಷೆ. ಎ.ಸಿ. ಇರುವ ಅನೇಕ ಕಾರುಗಳಲ್ಲಿ ಎ.ಸಿ. ಗುಂಡಿ ಒತ್ತಿದೊಡನೆ ಅಥವಾ ಸ್ವಲ್ಪ ಹೊತ್ತಿನಲ್ಲಿ ಕಂಡೆನ್ಸರಿನ (ರೇಡಿಯೇಟರಿನ ಮುಂದಿರುವ, ಎ.ಸಿ.ಯ ಶಾಖ ಹೊರಬಿಡುವ ಭಾಗ) ಸಲುವಾಗಿ ಫ್ಯಾನು ತಿರುಗತೊಡಗುತ್ತದೆ. ಅಂದರೆ ಅಂಥ ಗಾಡಿಯಲ್ಲಿ ಒಂದು ಬಗೆಯ ಕೈ ಸ್ವಿಚ್ ಕಂಪನಿಯಿಂದಲೇ ಬಂದಿರುತ್ತದೆ! ಎ.ಸಿ. ಹಾಕಿದಾಗ ರೇಡಿಯೇಟರಿನ ಇದೇ ಫ್ಯಾನು ತಿರುಗಿ, ಎಂಜಿನ್ ಬಿಸಿಯೇರಿದಾಗ ಮಾತ್ರ ತಿರುಗದಿದ್ದರೆ ಮೋಟರು ಸರಿಯಿದೆ, ಥರ್ಮೋ ಸ್ವಿಚ್ಚೋ ಅದರ ವೈರೋ ಕೆಟ್ಟಿದೆ ಎಂದು ತಿಳಿಯಬೇಕು. ಆಗ ಮೊದಲು ಥರ್ಮೋ ಸ್ವಿಚ್ ಬದಲಿಸಿ, ಕೈ ಸ್ವಿಚ್ ಆಮೇಲೆ. ಕೆಟ್ಟ ಥರ್ಮೋ ಸ್ವಿಚ್ಚನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕೈ ಸ್ವಿಚ್ ಹಾಕಿದರೆ, ಹೆಸರಿಗೆ ಎರಡು ದಾರಿಯಿದ್ದರೂ ನಿಜದಲ್ಲಿ ಅದು ಡೈರೆಕ್ಟ್ ಕೊಟ್ಟಂತೆಯೇ.

ಇನ್ನು ವೈರಿಂಗಿಗೆ ಬರೋಣ. ಇಡೀ ಕೆಲಸದ ಕೀಲಿ ಇರುವುದು ರಿಲೇಯಲ್ಲಿ, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚಿನಲ್ಲಿ. ಸಣ್ಣ ಕಾರಿನ ಫ್ಯಾನು ತಿರುಗುವಾಗ 10 ರಿಂದ 15 ಆಂಪಿಯರ್ ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಇಷ್ಟು ಕರೆಂಟನ್ನು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೂ ಅಲ್ಲಿಂದ ಫ್ಯಾನಿಗೂ ಒಯ್ಯಲು ಸುಮಾರು 5 ಮೀಟರ್ ವೈರು ಬೇಕಾಗುತ್ತದೆ. ಅಂಗಡಿಯಲ್ಲಿ ಕೈಗೆ ಸಿಗುವ 1 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರೊಂದಕ್ಕೆ 0.017 ಓಮ್ ರೋಧವಿರುತ್ತದೆ; 5 ಮೀಟರಿಗೆ ಸುಮಾರು 0.086 ಓಮ್. 15 ಆಂಪಿಯರ್ ಹರಿದಾಗ ವೈರಿನಲ್ಲೇ 1.3 ವೋಲ್ಟ್ ಕಳೆದುಹೋಗುತ್ತದೆ, 19 ವ್ಯಾಟ್ ಶಾಖ ವೈರಿನೊಳಗೇ ಹುಟ್ಟುತ್ತದೆ. ಫ್ಯಾನು ಮಂದವಾಗುತ್ತದೆ, ಡ್ಯಾಶ್‌ಬೋರ್ಡಿನ ಹಿಂದಿನ ಸ್ವಿಚ್ಚು ಬಿಸಿಯಾಗುತ್ತದೆ. ಮನೆಯಲ್ಲಿ ದೀಪಕ್ಕೆ ಹಾಕುವ ಸ್ವಿಚ್ಚನ್ನು ಗಾಡಿಗೆ ಕೂರಿಸಿದವರೂ ಇದ್ದಾರೆ, ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ ಆರಿಸಿದಾಗಿನ ಕಿಡಿ ತಾನಾಗಿ ನಂದುತ್ತದೆ, ಒಂದೇ ದಿಕ್ಕಿನಲ್ಲಿ ಹರಿಯುವ ಬ್ಯಾಟರಿಯ ಡಿ.ಸಿ. ಕರೆಂಟಿನ ಕಿಡಿಗೆ ಅಂಥ ಬಿಡುವಿಲ್ಲ. ಹೀಗಾಗಿ ಆ ಸ್ವಿಚ್ಚಿನ ಪಾಯಿಂಟುಗಳು ಸುಟ್ಟು, ಒಂದೋ ಸಂಪರ್ಕ ಕೊಡುವುದಿಲ್ಲ, ಇಲ್ಲವೇ ಅಂಟಿಕೊಂಡು ಬಿಡುವುದಿಲ್ಲ.

ರಿಲೇ ಈ ಭಾರವನ್ನೆಲ್ಲ ಬಾನೆಟ್ಟಿನೊಳಗೇ ಉಳಿಸಿಕೊಳ್ಳುತ್ತದೆ. ಅದರೊಳಗೆ ಒಂದು ಕಾಯಿಲು, ಆ ಕಾಯಿಲಿನ ಕಾಂತಶಕ್ತಿಗೆ ಕೂಡಿಕೊಳ್ಳುವ ಒಂದು ಜೋಡಿ ಗಟ್ಟಿ ಪಾಯಿಂಟು ಇರುತ್ತವೆ. ಕಾಯಿಲಿಗೆ ಬೇಕಾದದ್ದು ಬರೀ 0.15 ಆಂಪಿಯರಿನಷ್ಟು, ಡ್ಯಾಶ್‌ಬೋರ್ಡಿಗೆ ಹೋಗಿಬರುವ ವೈರಿನಲ್ಲಿ ಇಷ್ಟೇ ಹರಿಯುತ್ತದೆ. ರಿಲೇಯ ತಳದಲ್ಲಿ ಮುದ್ರಿಸಿರುವ ಸಂಖ್ಯೆಗಳು ಬಹುತೇಕ ಎಲ್ಲ ಕಂಪನಿಗಳ ರಿಲೇಗಳಲ್ಲೂ ಒಂದೇ: 85 ಮತ್ತು 86 ಕಾಯಿಲಿನ ಎರಡು ತುದಿಗಳು, 30 ಕರೆಂಟು ಒಳಬರುವ ಕಾಲು, 87 ಅದು ಹೊರಹೋಗುವ ಕಾಲು. ಐದು ಕಾಲಿನ ರಿಲೇ ಸಿಕ್ಕರೆ ನಡುವೆ 87ಎ ಎಂಬ ಇನ್ನೊಂದು ಕಾಲು ಇರುತ್ತದೆ. ಇದು ರಿಲೇ ಆರಿದ್ದಾಗ 30ಕ್ಕೆ ಕೂಡಿಕೊಂಡಿರುವ ಕಾಲು. ಫ್ಯಾನನ್ನು ತಪ್ಪಿ ಇದಕ್ಕೆ ಕೊಟ್ಟರೆ ಸ್ವಿಚ್ ಆರಿಸಿದಾಗ ಫ್ಯಾನು ತಿರುಗುತ್ತದೆ, ಹಚ್ಚಿದಾಗ ನಿಲ್ಲುತ್ತದೆ. ಅದನ್ನು ಖಾಲಿ ಬಿಟ್ಟು ಟೇಪು ಸುತ್ತಿಬಿಡುವುದು ಒಳ್ಳೆಯದು, ಏಕೆಂದರೆ 30ಕ್ಕೆ ಬ್ಯಾಟರಿಯ ಕರೆಂಟು ಕೊಟ್ಟಿದ್ದರೆ ರಿಲೇ ಆರಿದ್ದಾಗಲೆಲ್ಲ ಆ ಕಾಲಿನಲ್ಲಿ ಕರೆಂಟು ಇರುತ್ತದೆ.

ಈಗ ನಿಮ್ಮ ಗಾಡಿಯ ಫ್ಯಾನು ಯಾವ ಬಗೆಯದು ಎಂದು ಕಂಡುಕೊಳ್ಳಬೇಕು. ಇದೇ ಹೆಚ್ಚು ತಾಳ್ಮೆ ಬೇಡುವ ಹಂತ, ಎಡವಟ್ಟುಗಳು ಆಗುವುದೂ ಹೆಚ್ಚಾಗಿ ಇಲ್ಲೇ. ಇಂಧನ ಇಂಜೆಕ್ಷನ್ ಬರುವುದಕ್ಕೆ ಮುಂಚಿನ, ಕಾರ್ಬ್ಯುರೇಟರ್ ಇರುವ ಗಾಡಿಗಳಲ್ಲಿ ರೇಡಿಯೇಟರಿನ ಪಕ್ಕದಲ್ಲೋ ಥರ್ಮೋಸ್ಟಾಟ್ ವಾಲ್ವ್ ಕೂತಿರುವ ಕವಚದ ಬಳಿಯೋ ತಿರುಪಿನಂತೆ ಕೂತಿರುವ ಥರ್ಮೋ ಸ್ವಿಚ್ಚನ್ನು ಹುಡುಕಿ, ಅದರ ಸಾಕೆಟ್ಟನ್ನು ಬಿಡಿಸಿ. ಎಂಜಿನ್ ತಣ್ಣಗಿರಲಿ, ಅಂಗಿಯ ತೋಳು, ಬೆರಳು ಫ್ಯಾನಿನಿಂದ ದೂರವಿರಲಿ. ಕೀ ಆನ್ ಮಾಡಿ, ಸಾಕೆಟ್ಟಿನ ಎರಡು ವೈರುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ. ಒಂದೇ ವೈರು ಬಂದಿದ್ದರೆ ಅದನ್ನು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ. ಫ್ಯಾನು ತಿರುಗಿದರೆ ಥರ್ಮೋ ಸ್ವಿಚ್ಚಿನವರೆಗಿನ ದಾರಿ ಸರಿಯಿದೆ. ಜೊತೆಗೆ ಕಿವಿಯೂ ಕೆಲಸ ಮಾಡಲಿ: ಕೂಡಿಸಿದ ಕ್ಷಣ ಫ್ಯೂಸ್ ಪೆಟ್ಟಿಗೆಯ ಕಡೆಯಿಂದ "ಟಕ್" ಎಂಬ ಸದ್ದು ಬಂದರೆ ಕಂಪನಿಯವರೇ ರಿಲೇ ಹಾಕಿದ್ದಾರೆ, ಥರ್ಮೋ ಸ್ವಿಚ್ ಕಾಯಿಲನ್ನಷ್ಟೇ ಆಡಿಸುತ್ತಿದೆ. ಸದ್ದಿಲ್ಲದೆ, ವೈರಿನ ತುದಿಯಲ್ಲಿ ದಪ್ಪ ಕಿಡಿ ಹಾರಿ ಫ್ಯಾನು ತಿರುಗಿದರೆ ಮೋಟರಿನ ಪೂರ್ತಿ ಕರೆಂಟು ಥರ್ಮೋ ಸ್ವಿಚ್ಚಿನ ಮೂಲಕವೇ ಹೋಗುತ್ತಿದೆ.

ಮೊದಲನೆಯ ಬಗೆ, ಎಂದರೆ ಕಾಯಿಲಿನ ಅರ್ಥ್ ದಾರಿಯಲ್ಲಿ (ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಯಲ್ಲಿ) ಥರ್ಮೋ ಸ್ವಿಚ್ ಇರುವುದು, ಎಲ್ಲಕ್ಕಿಂತ ಸುಲಭ. ಇಲ್ಲಿ ಕಾಯಿಲಿನ ಒಂದು ತುದಿಗೆ ಕರೆಂಟು ಬಂದು ಕಾಯುತ್ತಿರುತ್ತದೆ. ಇನ್ನೊಂದು ತುದಿಯನ್ನು ಥರ್ಮೋ ಸ್ವಿಚ್ ಬಿಸಿಯಾದಾಗ ಬಾಡಿಗೆ ಕೂಡಿಸುತ್ತದೆ. ರಿಲೇಗೂ ಥರ್ಮೋ ಸ್ವಿಚ್ಚಿಗೂ ನಡುವಿನ ವೈರಿನಿಂದ ಒಂದು ಕವಲು ತೆಗೆದು, 0.75 ಚದರ ಮಿಲಿಮೀಟರಿನ ವೈರಿನಲ್ಲಿ ಡ್ಯಾಶ್‌ಬೋರ್ಡಿಗೆ ತಂದು, ಸ್ವಿಚ್ಚಿನ ಒಂದು ಕಾಲಿಗೆ ಕೊಡಿ; ಸ್ವಿಚ್ಚಿನ ಇನ್ನೊಂದು ಕಾಲನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಬಾಡಿ ಬೋಲ್ಟಿಗೆ ಅರ್ಥ್ ಮಾಡಿ. ಕೆಲಸ ಮುಗಿಯಿತು. ಕಾಯಿಲು ಈಗ ಎರಡು ದಾರಿಗಳಲ್ಲಿ ಯಾವುದರಿಂದಲಾದರೂ ಅರ್ಥ್ ಪಡೆಯಬಹುದು: ಥರ್ಮೋ ಸ್ವಿಚ್ ಕೂಡಿದರೂ ಫ್ಯಾನು ತಿರುಗುತ್ತದೆ, ನೀವು ಸ್ವಿಚ್ ಒತ್ತಿದರೂ ತಿರುಗುತ್ತದೆ, ಎರಡೂ ಕೂಡಿದ್ದರೂ ಅದೇ ವೇಗದಲ್ಲಿ ತಿರುಗುತ್ತದೆ. ನೀವು ಸ್ವಿಚ್ ಆರಿಸಿ ಮರೆತರೆ ಥರ್ಮೋ ಸ್ವಿಚ್ ತನ್ನ ಕೆಲಸ ತಾನು ಮಾಡುತ್ತದೆ. ಡ್ಯಾಶ್‌ಬೋರ್ಡಿಗೆ ಬಂದ ಈ ವೈರು ಎಲ್ಲೋ ಉಜ್ಜಿ ಬಾಡಿಗೆ ತಾಗಿದರೂ ಆಗುವ ಅನಾಹುತವೆಂದರೆ ಫ್ಯಾನು ನಿಲ್ಲದೆ ತಿರುಗುವುದು, ಅಷ್ಟೇ. ಬೆಂಕಿಯಿಲ್ಲ, ಫ್ಯೂಸ್ ಹಾರುವುದಿಲ್ಲ. ಅರ್ಥ್ ಕಡೆಯಲ್ಲಿ ಸ್ವಿಚ್ ಹಾಕುವುದರ ದೊಡ್ಡ ಗುಣ ಇದು.

ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗಲೆಂದು ಕಾಯಿಲಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟಿರುತ್ತಾರೆ. ಅಲ್ಲಿ ಕೈ ಸ್ವಿಚ್ ಹಚ್ಚಿಟ್ಟು ಮನೆಯೊಳಗೆ ಹೋದರೆ, 10 ಆಂಪಿಯರ್ ಎಳೆಯುವ ಫ್ಯಾನು 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಮೂರು ಮೂರೂವರೆ ಗಂಟೆಯಲ್ಲಿ ಬರಿದು ಮಾಡುತ್ತದೆ. ಸೆಲ್ಫ್ ಎಳೆಯದಂತಾಗುವುದು ಅದಕ್ಕೂ ಮುಂಚೆಯೇ. ಕೀ ತೆಗೆದು, ಸ್ವಿಚ್ ಒತ್ತಿ ನೋಡಿದರೆ ತಿಳಿಯುತ್ತದೆ. ಫ್ಯಾನು ತಿರುಗಿದರೆ ಕೆಳಗೆ ಹೇಳುವಂತೆ ಪ್ರತ್ಯೇಕ ರಿಲೇ ಹಾಕಿ, ಅದರ ಕಾಯಿಲಿಗೆ ಕೀ ಆನ್ ಆದಾಗ ಮಾತ್ರ ಬರುವ ಕರೆಂಟು ಕೊಡಬೇಕು.

ಎರಡನೆಯ ಬಗೆಯಲ್ಲಿ ಮೋಟರಿಗೆ ಫ್ಯೂಸಿನ ಮೂಲಕ ಕರೆಂಟು ಬಂದಿರುತ್ತದೆ, ಅದರ ಅರ್ಥ್ ವೈರು ಥರ್ಮೋ ಸ್ವಿಚ್ಚಿನ ಮೂಲಕ ಬಾಡಿಗೆ ಹೋಗುತ್ತದೆ. ಇಲ್ಲಿ 30 ಆಂಪಿಯರಿನ ಹೊಸ ರಿಲೇ ಬೇಕು. ಅದರ 30ನೆಯ ಕಾಲನ್ನು ಮೋಟರಿಗೂ ಥರ್ಮೋ ಸ್ವಿಚ್ಚಿಗೂ ನಡುವಿನ ವೈರಿಗೆ ಕವಲಾಗಿ ಸೇರಿಸಿ, 87ನ್ನು ಬಾಡಿಗೆ ಅರ್ಥ್ ಮಾಡಬೇಕು. ಇವೆರಡೂ ಮೋಟರಿನ ಪೂರ್ತಿ ಕರೆಂಟು ಹೊರುವ ವೈರುಗಳಾದ್ದರಿಂದ 2.5 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು. 86ಕ್ಕೆ ಕೀ ಆನ್ ಆದಾಗ ಬರುವ ಕರೆಂಟನ್ನು ಒಂದು ಸಣ್ಣ ಫ್ಯೂಸಿನ ಮೂಲಕ ಕೊಡಿ, 85ನ್ನು ತೆಳು ವೈರಿನಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೂ ಅಲ್ಲಿಂದ ಬಾಡಿಗೂ ಒಯ್ಯಿರಿ. ಥರ್ಮೋ ಸ್ವಿಚ್ಚನ್ನು ಮುಟ್ಟಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದೆವು. ಹೊಸ ರಿಲೇ ಕೆಟ್ಟರೂ ಹಳೆಯ ವ್ಯವಸ್ಥೆ ಹಾಗೇ ನಡೆಯುತ್ತದೆ.

ಮೂರನೆಯದು ಇಸಿಯು, ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಇರುವ ಇಂದಿನ ಕಾರುಗಳು. ಇವುಗಳಲ್ಲಿ ಎಂಜಿನ್ನಿಗೆ ಚುಚ್ಚಿರುವುದು ಸ್ವಿಚ್ಚಲ್ಲ, ಬಿಸಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರು; ಅದನ್ನು ಓದಿ ಫ್ಯಾನಿನ ರಿಲೇಯನ್ನು ಆಡಿಸುವುದು ಇಸಿಯು. ಮೇಲೆ ಹೇಳಿದಂತೆ ಈ ಸೆನ್ಸರಿನ ವೈರುಗಳನ್ನು ಕೂಡಿಸಿ ನೋಡುವ ಕೆಲಸ ಇಲ್ಲಿ ಬೇಡವೇ ಬೇಡ. ಇಸಿಯುವಿಗೆ ಸುಳ್ಳು ಬಿಸಿ ತೋರಿಸಿದಂತಾಗಿ ಎಂಜಿನ್ ಲೈಟ್ ಹತ್ತುತ್ತದೆ. ಇಂಥ ಅನೇಕ ಕಾರುಗಳು ಸೆನ್ಸರಿನ ಸಂಪರ್ಕ ತಪ್ಪಿದಾಗ ಎಂಜಿನ್ ಉಳಿಸಲೆಂದು ಫ್ಯಾನನ್ನು ತಾವೇ ಹಚ್ಚಿಬಿಡುತ್ತವೆ. ಇಸಿಯುವಿನಿಂದ ರಿಲೇಗೆ ಹೋಗುವ ವೈರಿಗೆ ಕವಲು ತೆಗೆಯುವುದನ್ನೂ ನಾನು ಒಪ್ಪುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಇಸಿಯು ಕಾಯಿಲಿನ ಅರ್ಥ್ ಕಡೆಯನ್ನೇ ಆಡಿಸುವುದರಿಂದ ಏನೂ ಆಗದಿರಬಹುದು. ಆದರೆ ಕರೆಂಟಿನ ಕಡೆಯನ್ನು ಆಡಿಸುವ ಇಸಿಯುವಿನ ವೈರನ್ನು ಬಾಡಿಗೆ ಕೂಡಿಸಿದರೆ ಅದು ನೇರ ಶಾರ್ಟ್. ಒಂದು ಸ್ವಿಚ್ಚಿನ ಆಸೆಗೆ ಇಸಿಯುವನ್ನು ಪಣಕ್ಕಿಡುವುದು ಲೆಕ್ಕಕ್ಕೆ ಬರುವ ಮಾತಲ್ಲ.

ಅಂಥ ಕಾರಿಗೆ ಸ್ವಿಚ್ ಬೇಕೇ ಬೇಕೆಂದರೆ, ಇಸಿಯುವಿನ ಯಾವ ವೈರನ್ನೂ ಮುಟ್ಟದೆ, ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಹೊಸ ರಿಲೇಯ 30, ಅದರ 87ರಿಂದ ಫ್ಯಾನಿನ ಪಾಸಿಟಿವ್ ವೈರು ಹೀಗೆ ಸಂಪೂರ್ಣ ಬೇರೆಯ ದಾರಿ ಮಾಡಿಕೊಳ್ಳಬೇಕು. ಮೋಟರಿನ ಅರ್ಥ್ ನೇರ ಬಾಡಿಗೆ ಹೋಗಿರುವ, ಕಂಪನಿಯ ರಿಲೇ ಪಾಸಿಟಿವ್ ಕಡೆಯಲ್ಲಿರುವ ಫ್ಯಾನಿಗೆ ಮಾತ್ರ ಇದು ಹೊಂದುತ್ತದೆ. ಫ್ಯಾನಿನ ವೇಗವನ್ನು ಮೆಟ್ಟಿಲಿಲ್ಲದೆ ಏರಿಳಿಸುವ ಕಂಟ್ರೋಲ್ ಮಾಡ್ಯೂಲ್ ಇರುವ ಗಾಡಿಗೆ ಇದನ್ನು ಮಾಡಲೇಬಾರದು, ವಾರಂಟಿ ಉಳಿದಿರುವ ಗಾಡಿಗೂ ಬೇಡ. ರಿಲೇಯ ಕಾಯಿಲು ಆರುವ ಕ್ಷಣದಲ್ಲಿ ಹಿಮ್ಮುಖವಾಗಿ ಹೆಚ್ಚಿನ ವೋಲ್ಟೇಜ್ ಚಿಮ್ಮಿಸುವುದರಿಂದ 85–86ರ ನಡುವೆ ಒಂದು ಡಯೋಡ್ ಇರುವುದು ಕ್ಷೇಮ. ಡಯೋಡಿನ ಪಟ್ಟೆಯಿರುವ ತುದಿ ಪಾಸಿಟಿವ್ ಕಡೆಗಿರಬೇಕು. ಡಯೋಡ್ ಒಳಗೇ ಇರುವ ರಿಲೇಗಳೂ ಸಿಗುತ್ತವೆ. ಅವುಗಳಲ್ಲಿ 85, 86 ಅದಲುಬದಲಾಗಕೂಡದು, ಮೈಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು.

ಫ್ಯೂಸ್ ಇರುವುದು ಮೋಟರನ್ನು ಕಾಯಲು ಎಂದು ಹಲವರು ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಆದ್ದರಿಂದಲೇ ಅದರ ಜಾಗ ಬ್ಯಾಟರಿಯ ಪಕ್ಕ, ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಅಡಿಯೊಳಗೆ. ಫ್ಯೂಸಿಗಿಂತ ಮುಂಚಿನ ವೈರು ಎಲ್ಲಿ ತಾಗಿದರೂ ಅದನ್ನು ತಡೆಯುವವರಿಲ್ಲ. ತಿರುಗುವಾಗ 10–12 ಆಂಪಿಯರ್ ಎಳೆಯುವ ಫ್ಯಾನಿಗೆ 2.5 ಚದರ ಮಿಲಿಮೀಟರಿನ ವೈರು, 20 ಆಂಪಿಯರಿನ ಹಳದಿ ಬ್ಲೇಡ್ ಫ್ಯೂಸ್ ಸಾಮಾನ್ಯವಾಗಿ ಸಾಕು. ಹೊರಡುವಾಗಲೇ ಫ್ಯೂಸ್ ಹಾರಿದರೆ ಹಸಿರು ಬಣ್ಣದ 30 ಆಂಪಿಯರಿನದಕ್ಕೆ ಏರಿಸುವ ಮುನ್ನ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬುಷ್ ಸವೆದು ಬಿಗಿಯಾಗಿದ್ದರೆ ಮೋಟರೇ ಹೆಚ್ಚು ಎಳೆಯುತ್ತಿರುತ್ತದೆ. 30ಕ್ಕೆ ಏರಿಸಲೇಬೇಕಾದರೆ ವೈರೂ 4 ಚದರ ಮಿಲಿಮೀಟರಿನದಾಗಬೇಕು.

ಬಾನೆಟ್ಟಿನೊಳಗೆ ಕೆಲಸ ಶುರುಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಕೀ ಇಲ್ಲದಿದ್ದರೂ ಬಿಸಿ ಎಂಜಿನ್ನಿನ ಫ್ಯಾನು ಹಠಾತ್ತನೆ ತಿರುಗಬಹುದು. ವೈರನ್ನು ಹಲ್ಲಿನಿಂದ ಸುಲಿದು, ತಿರುಚಿ, ಇನ್ಸುಲೇಷನ್ ಟೇಪು ಸುತ್ತುವ ಜಾಯಿಂಟು ಇಲ್ಲಿ ನಿಲ್ಲುವುದಿಲ್ಲ: ಎಂಜಿನ್ನಿನ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಅದುರುವಿಕೆಗೆ ತಿರುಚಿದ ಎಳೆಗಳು ಸಡಿಲಗೊಳ್ಳುತ್ತವೆ. ಕ್ರಿಂಪ್ ಮಾಡಿದ ಲಗ್ಗು ಅಥವಾ ಬೆಸುಗೆ ಹಾಕಿ ಬಿಸಿಗೆ ಕುಗ್ಗುವ ಸ್ಲೀವ್ ಹೊದಿಸಿದ ಜಾಯಿಂಟು ಬೇಕು. ಮನೆ ವೈರಿಂಗಿನ ಗಟ್ಟಿ ಎಳೆಯ ವೈರೂ ಬೇಡ, ಅದು ಅದುರಿ ಅದುರಿ ಮುರಿಯುತ್ತದೆ. ತೆಳು ಎಳೆಗಳು ಹಲವಾರು ಇರುವ ಆಟೋ ವೈರನ್ನೇ ಕೇಳಿ ತನ್ನಿ. ಬಾನೆಟ್ಟಿನಿಂದ ಒಳಗೆ ಬರುವ ತೂತಿನ ತಗಡಿನ ಅಂಚು ಚಾಕುವಿನಷ್ಟು ಹರಿತವಾದದ್ದು, ಅಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಇಲ್ಲದೆ ವೈರು ತೂರಿಸಬಾರದು. ಸೈಲೆನ್ಸರಿನ ಮ್ಯಾನಿಫೋಲ್ಡಿನಿಂದಲೂ ಫ್ಯಾನಿನ ರೆಕ್ಕೆಗಳಿಂದಲೂ ದೂರದಲ್ಲಿ ಒಯ್ದು, ಹಳೆಯ ವೈರುಗಳ ಕಟ್ಟಿನ ಜೊತೆಗೇ ಟೈ ಹಾಕಿ. ಅರ್ಥ್ ಕೊಡುವ ಜಾಗದಲ್ಲಿ ಬಣ್ಣವನ್ನು ಮರಳುಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಉಂಗುರದ ಲಗ್ಗನ್ನು ಬೋಲ್ಟಿನಿಂದ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. "ಕರೆಂಟೇ ಬರ್ತಿಲ್ಲ" ಎಂದು ತಲೆಕೆಡಿಸಿಕೊಳ್ಳುವ ಎಷ್ಟೋ ದೋಷಗಳು ಬಣ್ಣದ ಮೇಲೆ ಕೂರಿಸಿದ ಅರ್ಥ್‌ನಿಂದ ಬಂದವು.

ಆನ್, ಆಫ್, ಆಟೋ ಎಂಬ ಮೂರು ಸ್ಥಾನಗಳ ಸ್ವಿಚ್ ಹಾಕಿಸಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಅದರ ಪರವಾಗಿ ಒಂದೇ ಒಂದು ಗಟ್ಟಿ ವಾದವಿದೆ: ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸಿನಲ್ಲಿ ದಾಟುವಾಗ ತಿರುಗುವ ರೆಕ್ಕೆ ನೀರಿಗೆ ತಗುಲಿ ಬಾಗಬಹುದು, ರೇಡಿಯೇಟರನ್ನು ಕೊರೆಯಬಹುದು. ಅಷ್ಟು ಆಳದ ನೀರಿಗೆ ಕಾರು ಇಳಿಸದಿರುವುದೇ ಅದಕ್ಕೆ ಪರಿಹಾರ. ವರ್ಷಕ್ಕೊಮ್ಮೆ ಬರಬಹುದಾದ ಆ ಸಂದರ್ಭಕ್ಕಾಗಿ, ಮಗುವಿನ ಕೈ ತಗುಲಿದರೂ ಗ್ಯಾರೇಜಿನ ಹುಡುಗ ಒತ್ತಿಟ್ಟರೂ ಫ್ಯಾನನ್ನು ಸದ್ದಿಲ್ಲದೆ ಕೊಲ್ಲಬಲ್ಲ "ಆಫ್" ಒಂದನ್ನು ವರ್ಷವಿಡೀ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವುದು ನನಗೆ ಸರಿಕಾಣದು. ಎರಡೇ ಸ್ಥಾನದ ಸ್ವಿಚ್ ಸಾಕು. ಅದರ ಬದಲು ಖರ್ಚು ಮಾಡುವುದಾದರೆ ಒಂದು ಎಲ್‌ಇಡಿ ದೀಪಕ್ಕೆ ಮಾಡಿ. ದೀಪವನ್ನು ಸ್ವಿಚ್ಚಿಗಲ್ಲ, ಪಾಸಿಟಿವ್ ಕಡೆಯಲ್ಲಿ ರಿಲೇ ಇರುವ ಗಾಡಿಗಳಲ್ಲಿ ಫ್ಯಾನಿಗೆ ಹೋಗುವ ವೈರಿಗೆ, ಒಂದು ಸಣ್ಣ ಫ್ಯೂಸಿನ ಮೂಲಕ ಸೇರಿಸಬೇಕು. ಆಗ ಥರ್ಮೋ ಸ್ವಿಚ್ ತಾನಾಗಿ ಫ್ಯಾನು ಹಚ್ಚಿದಾಗಲೂ ದೀಪ ಹತ್ತುತ್ತದೆ, ನೀವು ಸ್ವಿಚ್ ಒತ್ತಿಯೂ ದೀಪ ಹತ್ತದಿದ್ದರೆ ಕರೆಂಟು ಫ್ಯಾನಿನವರೆಗೆ ತಲುಪಿಲ್ಲವೆಂದು ಕೂತಲ್ಲೇ ತಿಳಿಯುತ್ತದೆ. ದೀಪ ಹತ್ತಿಯೂ ಸದ್ದು ಕೇಳದಿದ್ದರೆ ಮೋಟರಿನ ಕಾರ್ಬನ್ ಬ್ರಷ್ ಸವೆದಿರಬಹುದು, ಅಥವಾ ಅದರ ಅರ್ಥ್ ಸಡಿಲವಾಗಿರಬಹುದು.

ಪರೀಕ್ಷೆಯನ್ನು ಅವಸರ ಮಾಡಬೇಡಿ. ಕೀ ಆನ್ ಮಾಡಿ ಸ್ವಿಚ್ ಒತ್ತಿ, ರಿಲೇ "ಟಕ್" ಎಂದು ಫ್ಯಾನು ತಿರುಗಿದ ಮೇಲೆ, ಒಂದು ತುಂಡು ಪತ್ರಿಕೆಯನ್ನು ಗ್ರಿಲ್ಲಿನ ಕಡೆಯಿಂದ ರೇಡಿಯೇಟರಿನ ಮುಂದೆ ಹಿಡಿಯಿರಿ. ಫ್ಯಾನು ರೇಡಿಯೇಟರಿನ ಹಿಂದಿದ್ದರೂ ಮುಂದಿದ್ದರೂ ಗಾಳಿ ಎಂಜಿನ್ನಿನ ಕಡೆಗೇ ಹೋಗಬೇಕು, ಕಾಗದ ಒಳಕ್ಕೆ ಸೆಳೆಯಲ್ಪಡಬೇಕು. ಅದು ನಿಮ್ಮ ಕಡೆ ಹಾರಿದರೆ ಮೋಟರಿನ ಎರಡು ವೈರುಗಳು ಅದಲುಬದಲಾಗಿವೆ. ಫ್ಯಾನು ತಿರುಗುತ್ತಿರುತ್ತದೆ, ಆದರೆ ಓಡುವ ಗಾಡಿಯ ಎದುರುಗಾಳಿಯೊಂದಿಗೆ ಸೆಣಸುತ್ತಿರುತ್ತದೆ. ಬಳಿಕ ಫ್ಯಾನು ತಿರುಗುತ್ತಿರುವಾಗಲೇ ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜನ್ನೂ ಮೋಟರಿನ ಸಾಕೆಟ್ಟಿನ ವೋಲ್ಟೇಜನ್ನೂ ಅಳೆಯಿರಿ. ನಡುವಿನ ಅಂತರ ಅರ್ಧ ವೋಲ್ಟಿನೊಳಗಿರಬೇಕು. ಹತ್ತು ನಿಮಿಷ ಬಿಟ್ಟು ಫ್ಯೂಸ್ ಹೋಲ್ಡರನ್ನೂ ಜಾಯಿಂಟುಗಳನ್ನೂ ಮುಟ್ಟಿ ನೋಡಿ. ಒಂದು ಜಾಗ ಮಾತ್ರ ಕೈ ಸುಡುವಂತಿದ್ದರೆ ಆ ಜಾಯಿಂಟನ್ನು ಮತ್ತೆ ಮಾಡಬೇಕು.

ಕೊನೆಯ ಪರೀಕ್ಷೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೈ ಸ್ವಿಚ್ಚನ್ನು ಆರಿಸಿ, ಎ.ಸಿ.ಯನ್ನೂ ಆರಿಸಿ, ಗಾಡಿಯನ್ನು ನಿಂತಲ್ಲೇ ಚಾಲೂ ಬಿಟ್ಟು ಮುಳ್ಳನ್ನು ನೋಡುತ್ತಾ ಕೂರಬೇಕು. ಮುಳ್ಳು ಮಧ್ಯ ದಾಟುವ ಹೊತ್ತಿಗೆ ಫ್ಯಾನು ಯಾರೂ ಹೇಳದೆ ತಿರುಗಿ, ತುಸು ಹೊತ್ತಿನಲ್ಲಿ ತಾನಾಗಿ ನಿಂತು, ಮತ್ತೆ ತಿರುಗಬೇಕು. ಇದು ನಡೆದ ಮೇಲೆಯೇ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡುವುದು ಜಾಣತನ. ನಡೆಯದೆ ಮುಳ್ಳು ಕೆಂಪು ಗೆರೆಯ ಕಡೆ ಹೋಗುತ್ತಿದ್ದರೆ ಕೈ ಸ್ವಿಚ್ ಹಚ್ಚಿ ತಣ್ಣಗಾಗಿಸಿ, ಥರ್ಮೋ ಸ್ವಿಚ್ಚಿನ ಕಡೆಗೆ ಮರಳಬೇಕು. ಬಿಸಿ ಇಳಿಯುವವರೆಗೆ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಬಾರದು.

ಬಳಕೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಬೆಟ್ಟದ ಬುಡದಲ್ಲಿ ಸಾಲು ನಿಂತಿರುವುದು ಕಂಡಾಗಲೇ ಸ್ವಿಚ್ ಒತ್ತಿದರೆ ಬಿಸಿ ಏರುವ ಮೊದಲೇ ಗಾಳಿ ಸಿಗುತ್ತದೆ, ಅದೇ ಇದರ ನಿಜವಾದ ಲಾಭ. ಹೆದ್ದಾರಿಗೆ ಬಂದ ಮೇಲೆ ಆರಿಸಿ; ಹಚ್ಚಿಟ್ಟರೆ ಎಂಜಿನ್ನಿಗೆ ಹಾನಿಯೇನೂ ಇಲ್ಲ, ಥರ್ಮೋಸ್ಟಾಟ್ ವಾಲ್ವ್ ಇರುವ ತನಕ ಅದು ಅತಿಯಾಗಿ ತಣ್ಣಗಾಗುವುದಿಲ್ಲ, ಆದರೆ ಆಲ್ಟರ್ನೇಟರು ಸುಮ್ಮನೆ 150 ವ್ಯಾಟಿನಷ್ಟು ಹೆಚ್ಚು ದುಡಿಯುತ್ತದೆ, ಮೋಟರಿನ ಬ್ರಷ್ ಬೇಗ ಸವೆಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಯಾವ ವೈರು ಯಾವ ಬಣ್ಣ, ಎಲ್ಲಿಂದ ಕವಲು, ರಿಲೇ ಎಲ್ಲಿ ಕೂತಿದೆ, ಫ್ಯೂಸ್ ಎಷ್ಟರದು ಎಂದು ಒಂದು ಚೀಟಿಯಲ್ಲಿ ಗೆರೆ ಎಳೆದು ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಆ ಗಾಡಿಯ ಬಾನೆಟ್ ಎತ್ತುವ ಎಲೆಕ್ಟ್ರಿಷಿಯನ್‌ಗೆ ಕಂಪನಿಯ ನಕ್ಷೆಯಲ್ಲಿ ನಿಮ್ಮ ರಿಲೇ ಕಾಣಿಸುವುದಿಲ್ಲ.